ಲಿಫ್ಟಿನಲ್ಲಿ ಪಾದರಸ: ವಿಜ್ಞಾನದವರ ಹರಟೆಗೆ ಏನು ಕೆಲಸ?

1982ರ ಸೆಪ್ಟೆಂಬರ್. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದವರು ತಮ್ಮತಮ್ಮೊಳಗೆ ಬರೆದುಕೊಳ್ಳಲು ಒಂದು ಎಲೆಕ್ಟ್ರಾನಿಕ್ ಸೂಚನಾಫಲಕ ಇಟ್ಟುಕೊಂಡಿದ್ದರು. ಉಪನ್ಯಾಸದ ಪ್ರಕಟಣೆ ಹಾಕಲೆಂದು ಇದ್ದ ಜಾಗ ಅದು. ಆದರೆ ನಾಲ್ಕು ಜನ ಸೇರಿದ ಕಡೆ ಮಾತು ಪ್ರಕಟಣೆಯಲ್ಲಿ ನಿಲ್ಲುವುದಿಲ್ಲ. ಲಿಫ್ಟಿನ ಹಗ್ಗ ತುಂಡಾಗಿ ಅದು ಕೆಳಗೆ ಬೀಳತೊಡಗಿದರೆ ಒಳಗೆ ಹಾರಾಡುತ್ತಿರುವ ಪಾರಿವಾಳಗಳ ಗತಿ ಏನು, ಹೀಲಿಯಂ ಬಲೂನು ಎತ್ತ ಹೋಗುತ್ತದೆ ಎಂಬ ಹರಟೆ ಶುರುವಾಯಿತು. ಒಬ್ಬರು ಇನ್ನೊಂದು ಒಗಟು ಸೇರಿಸಿದರು: ಲಿಫ್ಟಿನ ಗೋಡೆಗೆ ಸಿಕ್ಕಿಸಿದ ಮೇಣದಬತ್ತಿ ಉರಿಯುತ್ತಿದೆ, ನೆಲದ ಮೇಲೆ ಪಾದರಸದ ಒಂದು ಹನಿ ಇದೆ. ಈಗ ಹಗ್ಗ ತುಂಡಾದರೆ ಬತ್ತಿಗೆ ಏನಾಗುತ್ತದೆ, ಹನಿಗೆ ಏನಾಗುತ್ತದೆ?

ಇದನ್ನು ಓದಿದ ಮತ್ತೊಬ್ಬರು ತಮಾಷೆಗೆ ಒಂದು ಗಂಭೀರ ಮುಖದ ಎಚ್ಚರಿಕೆ ಹಾಕಿದರು. ಇತ್ತೀಚಿನ ಭೌತಶಾಸ್ತ್ರ ಪ್ರಯೋಗದಿಂದಾಗಿ ಎಡತುದಿಯ ಲಿಫ್ಟಿಗೆ ಪಾದರಸ ತಗುಲಿದೆ, ಸ್ವಲ್ಪ ಸುಟ್ಟೂ ಇದೆ, ಶುದ್ಧಿಯ ಕೆಲಸ ನಡೆಯುತ್ತಿದೆ ಎಂಬ ಅರ್ಥದ್ದು. ಹಿಂದಿನ ಹರಟೆ ಓದಿದ್ದವರು ನಕ್ಕರು. ಓದದೆ ಇದ್ದ ಕೆಲವರು ಅದನ್ನು ನಿಜವೆಂದೇ ತಿಳಿದರು. ಆಗ ತಮಾಷೆಯನ್ನು ತಮಾಷೆ ಎಂದು ಗುರುತಿಸಲು ಏನು ಮಾಡಬೇಕು ಎಂಬ ಚರ್ಚೆ ಹುಟ್ಟಿತು. ನಾನಾ ಚಿಹ್ನೆಗಳು ಸೂಚನೆಯಾಗಿ ಬಂದವು. ಸೆಪ್ಟೆಂಬರ್ 19ರ ಬೆಳಿಗ್ಗೆ ಸ್ಕಾಟ್ ಫಾಲ್ಮನ್ ಮೂರು ಚಿಹ್ನೆಗಳನ್ನು ಸಾಲಾಗಿ ಜೋಡಿಸಿ, ಇದನ್ನು ತಲೆ ಓರೆ ಮಾಡಿ ಓದಿ ಎಂದರು: ಕೋಲನ್, ಅಡ್ಡಗೆರೆ, ಮುಚ್ಚುವ ಆವರಣ. ನಗುಮುಖ. ಇವತ್ತು ಪ್ರತಿ ಫೋನಿನಲ್ಲೂ ತುಂಬಿರುವ ಭಾವಚಿತ್ರಗಳ ಹಿರಿಯ ಬಂಧು ಇದು.

ಈ ಘಟನೆಯಿಂದಲೇ ಶುರು ಮಾಡಿದ್ದಕ್ಕೆ ಕಾರಣವಿದೆ. ಕಂಪ್ಯೂಟರ್ ವಿಜ್ಞಾನಿಗಳು ಭೌತಶಾಸ್ತ್ರದ ಒಗಟನ್ನು ಕೆದಕುತ್ತ ಕೂತದ್ದು ಯಾವ ಯೋಜನೆಯ ಭಾಗವೂ ಅಲ್ಲ. ಯಾರಿಗೂ ಅದಕ್ಕೆ ಅನುದಾನ ಬಂದಿರಲಿಲ್ಲ, ಅದು ವಿಷಯಕ್ಕೆ ಹೊರತಾದ ಮಾತು. ವಿಜ್ಞಾನಾಸಕ್ತರು ಸೇರುವ ಯಾವ ಬಳಗಕ್ಕೆ ಹೋದರೂ ಇಂಥದೊಂದು ಮೂಲೆ ಇದ್ದೇ ಇರುತ್ತದೆ. ಒಂದು ಕಡೆ ಸಮೀಕರಣ, ದತ್ತಾಂಶ, ತಪ್ಪು–ಸರಿಯ ವಾದ. ಪಕ್ಕದಲ್ಲೇ ಹವಾಮಾನ, ಬೆಕ್ಕು, ನಿನ್ನೆ ರಾತ್ರಿ ನಿದ್ದೆ ಬಾರದ ಕಥೆ. ಹೊಸದಾಗಿ ಬಂದವರಿಗೆ ಇದು ಕಸವೆನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಈ ಲೋಕಾಭಿರಾಮ ಮಾತು ವಿಜ್ಞಾನದ ಕೆಲಸದೊಳಗೇ ಒಂದು ಕೆಲಸ ಮಾಡುತ್ತದೆ. ಅದೇನು, ಹೇಗೆ ಎಂಬುದನ್ನು ಬಿಡಿಸಿ ನೋಡೋಣ.

ಮೊದಲಿಗೆ, ಹರಟೆ ಎಂದರೇನು? ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲೇ ಇದಕ್ಕೊಂದು ಹೆಸರು ಕೊಟ್ಟರು: ಫ್ಯಾಟಿಕ್ ಕಮ್ಯೂನಿಯನ್. ಸುದ್ದಿ ಮುಟ್ಟಿಸಲು ಆಡದೆ, ನಂಟು ಉಳಿಸಿಕೊಳ್ಳಲು ಆಡುವ ಮಾತು ಎಂದು ಅದರ ಅರ್ಥ. 'ಏನ್ ಸಮಾಚಾರ?' ಎಂದು ಕೇಳುವವರು ಸಮಾಚಾರದ ಪಟ್ಟಿಯನ್ನು ನಿರೀಕ್ಷಿಸುವುದಿಲ್ಲವಲ್ಲ. ಮುಂದೆ ಮನಶ್ಶಾಸ್ತ್ರಜ್ಞ ರಾಬಿನ್ ಡನ್ಬರ್ ಇದನ್ನು ವಿಕಾಸವಾದಕ್ಕೆ ಜೋಡಿಸಿದರು. ಕೋತಿಗಳು, ವಾನರಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕುತ್ತ ಕೂರುತ್ತವೆ. ಹೇನು ತೆಗೆಯುವುದು ಅದರಲ್ಲಿ ಸಣ್ಣ ಭಾಗ, ಸ್ನೇಹ ಗಟ್ಟಿ ಮಾಡುವುದು ದೊಡ್ಡ ಭಾಗ. ಕೆಲವು ಜಾತಿಗಳು ಹಗಲಿನ ಐದನೇ ಒಂದು ಭಾಗದವರೆಗೂ ಇದರಲ್ಲೇ ಕಳೆಯುತ್ತವೆ. ಆದರೆ ಕೈಯಿಂದ ಒಂದು ಸಲಕ್ಕೆ ಒಬ್ಬರನ್ನಷ್ಟೇ ಹೆಕ್ಕಬಹುದು. ಗುಂಪು ದೊಡ್ಡದಾದಾಗ ಮನುಷ್ಯನಿಗೆ ಅದೇ ಕೆಲಸವನ್ನು ಮಾತು ಮಾಡಿಕೊಟ್ಟಿತು ಎಂಬುದು ಡನ್ಬರ್ ವಾದ. ವಿಶ್ವವಿದ್ಯಾಲಯದ ಊಟದ ಮನೆಯಂಥ ಜಾಗಗಳಲ್ಲಿ ಜನ ಸಹಜವಾಗಿ ಏನು ಮಾತಾಡುತ್ತಾರೆಂದು ಅವರ ತಂಡ ಕಿವಿಗೊಟ್ಟು ಕೇಳಿತು. ಮಾತಿನ ಹೊತ್ತಿನಲ್ಲಿ ಸುಮಾರು ಮೂರನೇ ಎರಡು ಪಾಲು ಜನರ ವಿಚಾರಕ್ಕೇ ಹೋಗುತ್ತಿತ್ತು: ಯಾರು, ಯಾರೊಂದಿಗೆ, ಏನು, ಹೇಗೆ. ಓದಿನಲ್ಲಿ ಮುಳುಗಿದವರೂ ಇದಕ್ಕೆ ಹೊರತಲ್ಲ.

ನಂಟು ಬೆಳೆಯುತ್ತದೆ ಸರಿ, ಅದರಿಂದ ವಿಜ್ಞಾನಕ್ಕೇನು? ಇಲ್ಲಿ ಜನ ಸಾಮಾನ್ಯವಾಗಿ ಹೇಳುವುದು ಹರಟೆಯಿಂದ ಹುಟ್ಟಿದ ಮಹಾ ಆವಿಷ್ಕಾರಗಳ ಕಥೆ. ಅಂಥವು ಇವೆ, ಚೆನ್ನಾಗಿಯೂ ಇವೆ. 1684ರ ಜನವರಿಯಲ್ಲಿ ಲಂಡನ್ನಿನಲ್ಲಿ ಎಡ್ಮಂಡ್ ಹ್ಯಾಲಿ, ಕ್ರಿಸ್ಟೋಫರ್ ರೆನ್, ರಾಬರ್ಟ್ ಹುಕ್ ಮಾತಾಡುತ್ತ ಕೂತಾಗ ಗ್ರಹಗಳ ಪ್ರಸ್ತಾಪ ಬಂತು. ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವ ಸೆಳೆತವಿದ್ದರೆ ಗ್ರಹದ ದಾರಿ ಯಾವ ಆಕಾರದ್ದು? ನನಗೆ ಗೊತ್ತು ಎಂದರು ಹುಕ್. ಎರಡು ತಿಂಗಳೊಳಗೆ ಸಾಧಿಸಿ ತೋರಿಸಿದವರಿಗೆ 40 ಶಿಲಿಂಗ್ ಬೆಲೆಯ ಪುಸ್ತಕ ಕೊಡುತ್ತೇನೆ ಎಂದರು ರೆನ್. ಯಾರೂ ತೋರಿಸಲಿಲ್ಲ. ಹ್ಯಾಲಿಗೆ ಮಾತ್ರ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಆಗಸ್ಟಿನಲ್ಲಿ ಕೇಂಬ್ರಿಜ್‌ಗೆ ಹೋಗಿ ನ್ಯೂಟನ್‌ರನ್ನು ಕೇಳಿದರು. ದೀರ್ಘವೃತ್ತ, ಲೆಕ್ಕ ಹಾಕಿದ್ದೇನೆ ಎಂಬ ಉತ್ತರ ತಕ್ಷಣ ಬಂತು. ಆದರೆ ಲೆಕ್ಕ ಬರೆದ ಹಾಳೆ ಸಿಗಲಿಲ್ಲ. ನವೆಂಬರಿನಲ್ಲಿ ನ್ಯೂಟನ್ ಅದನ್ನು ಮತ್ತೆ ಮಾಡಿ ಕಳಿಸಿದ ಕೆಲವೇ ಪುಟಗಳು ಬೆಳೆದು 1687ರಲ್ಲಿ 'ಪ್ರಿನ್ಸಿಪಿಯಾ' ಆದವು. ಅಚ್ಚಿನ ಖರ್ಚನ್ನೂ ಹ್ಯಾಲಿಯೇ ಹೊತ್ತರು.

ಕೇಳಲು ಸೊಗಸಾಗಿದೆ. ಆದರೂ ಈ ಬಗೆಯ ಕಥೆಗಳನ್ನಷ್ಟೇ ಹೇಳಿ ಹರಟೆಯನ್ನು ಸಮರ್ಥಿಸುವುದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಫಲ ಕೊಟ್ಟ ಒಂದು ಸಂಜೆಯ ಹಿಂದೆ ಏನೂ ಕೊಡದ ಸಾವಿರಾರು ಸಂಜೆಗಳಿವೆ, ಅವುಗಳ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಹರಟೆಗೆ ಬೆಲೆ ಇರುವುದು ಅದರಿಂದ ಆವಿಷ್ಕಾರ ಹುಟ್ಟಿದಾಗ ಮಾತ್ರ ಎಂದು ಲೆಕ್ಕ ಹಾಕಿದರೆ ಬಹುಪಾಲು ಹರಟೆ ದಂಡವೇ. ಅದರ ದಿನನಿತ್ಯದ ಕೆಲಸ ಬೇರೆ, ಅಷ್ಟಾಗಿ ಕಣ್ಣಿಗೆ ಬೀಳದಂಥದು.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆ ಇರಬೇಕಲ್ಲವೆ? ಲೆಕ್ಕ ತದ್ವಿರುದ್ಧವಾಗಿ ಬಂತು. ಒಬ್ಬರೊಡನೊಬ್ಬರು ಹೊಂದಿಕೊಂಡಿದ್ದ ತಂಡಗಳಲ್ಲೇ ತಪ್ಪುಗಳ ವರದಿ ಹೆಚ್ಚು. ಕೆದಕಿ ನೋಡಿದಾಗ ಕಾರಣ ತಿಳಿಯಿತು. ಆ ತಂಡದವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಜನ ಹೆದರಿ ಮುಚ್ಚಿಡುತ್ತಿದ್ದರು. ಹೀಗೆ ಹೇಳಿಕೊಳ್ಳಲು ಅಂಜದ ಸ್ಥಿತಿಯನ್ನೇ ಅವರು ಮುಂದೆ 'ಮಾನಸಿಕ ಸುರಕ್ಷತೆ' ಎಂದು ಕರೆದು 1999ರಲ್ಲಿ ವಿವರಿಸಿದರು.

ಇದನ್ನು ವಿಜ್ಞಾನದ ಬಳಗಕ್ಕೆ ಅನ್ವಯಿಸಿ ನೋಡಿ. ವಿಜ್ಞಾನ ಮುಂದೆ ಹೋಗುವುದು 'ನನಗೆ ಇದು ಅರ್ಥವಾಗಲಿಲ್ಲ', 'ನನ್ನ ಲೆಕ್ಕ ತಪ್ಪಿದೆ' ಎಂಬ ಎರಡು ವಾಕ್ಯಗಳ ಬಲದಿಂದ. ಎರಡೂ ಹೇಳಲು ಕಷ್ಟವಾದ ವಾಕ್ಯಗಳು, ಅದರಲ್ಲೂ ಮುಖ ಕಾಣದ, ಯಾರು ಎಷ್ಟು ಓದಿದವರೆಂದು ತಿಳಿಯದ ಅಪರಿಚಿತರ ಮುಂದೆ. ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಬಗ್ಗೆ ಅಧಿಕಾರದಿಂದ ಬರೆಯುವ ವ್ಯಕ್ತಿ ತನ್ನ ಸೈಕಲ್ ಚೈನು ಹಾಕಲು ಬಾರದೆ ಒದ್ದಾಡಿದ್ದನ್ನು ಹರಟೆಯ ಮೂಲೆಯಲ್ಲಿ ಹೇಳಿಕೊಂಡರೆ, ಅದನ್ನು ಓದಿದ ವಿದ್ಯಾರ್ಥಿನಿ ನಾಳೆ ಅವರಿಗೇ ಒಂದು ಪ್ರಾಥಮಿಕ ಪ್ರಶ್ನೆ ಕೇಳುವ ಧೈರ್ಯ ತಂದುಕೊಳ್ಳುತ್ತಾಳೆ. ಇಂಥ ಬಳಗಗಳಲ್ಲಿ ಕೆಲಕಾಲ ಇದ್ದವರಿಗೆಲ್ಲ ಇದು ಗೊತ್ತು. ಮೊದಲು ಜನ ಹರಟೆಗೆ ಇಣುಕುತ್ತಾರೆ, ಒಂದೆರಡು ಮಾತು ಸೇರಿಸುತ್ತಾರೆ, ಆಮೇಲೆ ನಿಜವಾದ ಪ್ರಶ್ನೆ ಎತ್ತುತ್ತಾರೆ.

ಇನ್ನೊಂದು ಕೆಲಸ: ಯಾರಿಗೆ ಏನು ಗೊತ್ತು ಎಂಬುದರ ನಕ್ಷೆ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1980ರ ದಶಕದಲ್ಲಿ ಇದನ್ನು ಹಂಚಿಕೊಂಡ ನೆನಪಿನ ವ್ಯವಸ್ಥೆ ಎಂದು ನೋಡಿದರು. ಗುಂಪಿನ ಪ್ರತಿಯೊಬ್ಬರೂ ಎಲ್ಲವನ್ನೂ ನೆನಪಿಡಬೇಕಿಲ್ಲ, ಯಾವುದು ಯಾರ ತಲೆಯಲ್ಲಿದೆ ಎಂಬುದು ಗೊತ್ತಿದ್ದರೆ ಸಾಕು. ಈ ನಕ್ಷೆ ಪದವಿಗಳ ಪಟ್ಟಿ ನೋಡಿದರೆ ಸಿಗುವುದಿಲ್ಲ. ಖಗೋಳಶಾಸ್ತ್ರದವರೊಬ್ಬರು ಹಳೆಯ ರೇಡಿಯೋ ರಿಪೇರಿ ಮಾಡುತ್ತಾರೆ, ಗಣಿತದವರೊಬ್ಬರಿಗೆ ಹಕ್ಕಿಗಳ ಕೂಗು ಗೊತ್ತು ಎಂಬುದೆಲ್ಲ ಹರಟೆಯಲ್ಲೇ ತಿಳಿಯಬೇಕು.

ಅಷ್ಟೇ ಅಲ್ಲ, ಹರಟೆ ದೂರದವರನ್ನು ಹತ್ತಿರ ತರುತ್ತದೆ. 1973ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ವಿಚಾರಿಸಿದಾಗ, ಸುದ್ದಿ ಕೊಟ್ಟವರನ್ನು ಆಗ ಪದೇ ಪದೇ ಭೇಟಿಯಾಗುತ್ತಿದ್ದವರು ಬರೀ 17% ಜನ. ಹೆಚ್ಚಿನವರಿಗೆ ಸುದ್ದಿ ಬಂದದ್ದು ಎಂದೋ ಒಮ್ಮೆ ಸಿಗುವ ಪರಿಚಿತರಿಂದ. ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ, ಹೊಸದು ಬರುವುದು ಆಚೆಯಿಂದ. ಕೆಲಸದ ಚರ್ಚೆಯಲ್ಲಿ ರಸಾಯನಶಾಸ್ತ್ರದವರು ರಸಾಯನಶಾಸ್ತ್ರದವರ ಜೊತೆಗೇ ಇರುತ್ತಾರೆ. ಬೆಕ್ಕಿನ ಚಿತ್ರದ ಕೆಳಗೆ ಮಾತ್ರ ಭೂವಿಜ್ಞಾನಿ, ಸಂಖ್ಯಾಶಾಸ್ತ್ರಜ್ಞ, ಶಾಲಾ ಶಿಕ್ಷಕಿ ಮೂವರೂ ಒಟ್ಟಿಗೆ ಸೇರುತ್ತಾರೆ.

ಹರಟೆ ಮತ್ತು ಸಂಶೋಧನೆ ಒಂದರೊಳಗೊಂದು ಹೆಣೆದುಕೊಂಡದ್ದನ್ನು ಮೊದಲಿಂದ ಕೊನೆಯವರೆಗೆ ಕಾಣಬಹುದಾದ ಒಂದು ಪ್ರಸಂಗ ನನಗೆ ಬಹಳ ಪ್ರಿಯ. ಅದು ಬಟಾಣಿಗಳದು.

2007ರ ಜುಲೈನಲ್ಲಿ 'ಗ್ಯಾಲಕ್ಸಿ ಜೂ' ಎಂಬ ಯೋಜನೆ ಶುರುವಾಯಿತು. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಎಂಬ ಆಕಾಶ ಸಮೀಕ್ಷೆ ತೆಗೆದಿದ್ದ ಸುಮಾರು ಒಂಬತ್ತು ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ಜನಸಾಮಾನ್ಯರ ಮುಂದಿಟ್ಟು, ಇದು ಸುರುಳಿಯೋ, ಅಂಡಾಕಾರವೋ ಗುರುತಿಸಿ ಎಂದು ಕೇಳಿದರು. ಮೊದಲ ವರ್ಷದಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸೇರಿ ಐದು ಕೋಟಿಗೂ ಮಿಕ್ಕಿ ಗುರುತು ಹಾಕಿದರು. ವಿಜ್ಞಾನಿಗಳಿಗೆ ಬರುವ ಪ್ರಶ್ನೆಗಳ ಪ್ರವಾಹ ತಡೆಯಲಾಗದೆ, ಸ್ವಯಂಸೇವಕರು ತಮ್ಮೊಳಗೆ ಮಾತಾಡಿಕೊಳ್ಳಲೆಂದು ಒಂದು ಜಾಗ ಮಾಡಿಕೊಟ್ಟರು. ಅಲ್ಲಿ ಕೆಲವರು ಚಿತ್ರಗಳ ನಡುವೆ ಪುಟ್ಟ, ದುಂಡನೆಯ, ಹಚ್ಚ ಹಸಿರು ಚುಕ್ಕೆಗಳನ್ನು ಕಂಡರು. ಕೇಳಿದ್ದ ಪ್ರಶ್ನೆಗೂ ಅವಕ್ಕೂ ಸಂಬಂಧವಿಲ್ಲ, ಅವು ಸುರುಳಿಯೂ ಅಲ್ಲ. ಆ ಆಗಸ್ಟಿನಲ್ಲೇ ಬಟಾಣಿಯ ಮೇಲೆ ಪದಚೇಷ್ಟೆ ಮಾಡಿದ ತಲೆಬರಹ ಕೊಟ್ಟು ಒಂದು ಹರಟೆ ಸಾಲು ಶುರುವಾಯಿತು. ಬಟಾಣಿ ಕಂಡವರೆಲ್ಲ ತಂದು ಅಲ್ಲಿ ಸುರಿದರು, ಜೊತೆಗೆ ನಗೆಹನಿಗಳನ್ನೂ. ತಮ್ಮನ್ನು ತಾವು ಬಟಾಣಿ ದಳ ಎಂದು ಕರೆದುಕೊಂಡರು.

ತಮಾಷೆ ತಿಂಗಳುಗಟ್ಟಲೆ ನಡೆಯಿತು. ನಡೆಯುತ್ತ ನಡೆಯುತ್ತ ಆ ಜನ ರೋಹಿತವನ್ನು, ಅಂದರೆ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿದ ಪಟ್ಟಿಯನ್ನು, ಓದುವುದು ಕಲಿತರು. ಹಸಿರಾಗಿ ಕಂಡ ಚುಕ್ಕೆಗಳಲ್ಲಿ ನಕ್ಷತ್ರ ಯಾವುದು, ಚಿತ್ರದ ದೋಷ ಯಾವುದು, ಬೇರೆಯದೇ ವಸ್ತು ಯಾವುದು ಎಂದು ಜರಡಿ ಹಿಡಿದರು. ಉಳಿದವುಗಳ ರೋಹಿತದಲ್ಲಿ ಆಮ್ಲಜನಕದ ಒಂದು ಗೆರೆ ಎದ್ದು ಕಾಣುತ್ತಿತ್ತು. ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳ ಬೆಳಕು ಸುತ್ತಲಿನ ಅನಿಲದ ಆಮ್ಲಜನಕ ಪರಮಾಣುವಿನಿಂದ ಎರಡು ಎಲೆಕ್ಟ್ರಾನುಗಳನ್ನು ಕಿತ್ತಾಗ, ಆ ಅನಿಲ 500.7 ನ್ಯಾನೋಮೀಟರಿನ ಬೆಳಕು ಸೂಸುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ಆ ಬೆಳಕು ನಮ್ಮನ್ನು ತಲುಪುವಷ್ಟರಲ್ಲಿ ಅದರ ಅಲೆ ಹಿಗ್ಗಿ ಕೆಂಪಿನತ್ತ ಸರಿದಿರುತ್ತದೆ. ಸರ್ವೆಯ ಕ್ಯಾಮೆರಾದ ಕೆಂಪು ಸೋಸುಗದಲ್ಲಿ (ಫಿಲ್ಟರಿನಲ್ಲಿ) ಅದು ಬೀಳುತ್ತದೆ, ಚಿತ್ರ ಜೋಡಿಸುವಾಗ ಆ ಸೋಸುಗಕ್ಕೆ ಹಸಿರು ಬಣ್ಣ ಕೊಟ್ಟಿದ್ದರು. ಹೀಗಾಗಿ ಬಟಾಣಿ.

ಸ್ವಯಂಸೇವಕರು ಆರಿಸಿಟ್ಟದ್ದನ್ನು ವೃತ್ತಿಪರರು ಕೈಗೆತ್ತಿಕೊಂಡಾಗ ಅದು ಹೊಸದೊಂದು ಬಗೆಯ ಗೆಲಾಕ್ಸಿ ಎಂಬುದು ಸ್ಪಷ್ಟವಾಯಿತು. ಕ್ಯಾರೊಲಿನ್ ಕಾರ್ಡಮೋನ್ ಮತ್ತು ಸಂಗಡಿಗರ ಪ್ರಬಂಧ 2009ರಲ್ಲಿ ಬಂತು. ದೂರ 150 ಕೋಟಿಯಿಂದ 500 ಕೋಟಿ ಜ್ಯೋತಿರ್ವರ್ಷ. ಗಾತ್ರದಲ್ಲಿ ನಮ್ಮ ಕ್ಷೀರಪಥಕ್ಕಿಂತ ಎಷ್ಟೋ ಪಾಲು ಚಿಕ್ಕವು, ಆದರೆ ನಕ್ಷತ್ರ ಹುಟ್ಟಿಸುವುದರಲ್ಲಿ ಅದಕ್ಕಿಂತ ಎಷ್ಟೋ ಪಾಲು ಚುರುಕು. ದಳದ ಸದಸ್ಯರ ಹೆಸರುಗಳು ಕೃತಜ್ಞತೆಯ ಸಾಲಿನಲ್ಲಿವೆ. ಕಥೆ ಅಲ್ಲಿಗೂ ಮುಗಿಯಲಿಲ್ಲ. ವಿಶ್ವದ ಎಳವೆಯಲ್ಲಿ ಎಲ್ಲೆಡೆ ಕವಿದಿದ್ದ ಜಲಜನಕದ ಮಂಜನ್ನು ಸೀಳಿದ್ದು ಎಳೆಯ ಗೆಲಾಕ್ಸಿಗಳಿಂದ ಸೋರಿದ ನೇರಳಾತೀತ ಬೆಳಕು ಎಂಬ ಊಹೆ ಇದೆ. ಹಾಗೆ ಬೆಳಕು ಸೋರುವ ಬಟಾಣಿಯೊಂದು 2016ರಲ್ಲಿ ವರದಿಯಾಯಿತು. ಜೇಮ್ಸ್ ವೆಬ್ ದೂರದರ್ಶಕ ಕಂಡ ಅತಿ ಪ್ರಾಚೀನ ಗೆಲಾಕ್ಸಿಗಳ ರೋಹಿತಗಳೂ ಬಟಾಣಿಗಳನ್ನು ಹೋಲುತ್ತಿವೆ.

ಈ ಪ್ರಸಂಗದಲ್ಲಿ ಹರಟೆ ಮಾಡಿದ್ದೇನು ಎಂದು ಕೇಳಿಕೊಂಡರೆ, ಅದು ಒಂದು ಹೊಳಹು ಕೊಟ್ಟು ಸುಮ್ಮನಾಗಲಿಲ್ಲ. ಯಾರೂ ಕೇಳದ ಪ್ರಶ್ನೆಯೊಂದನ್ನು ಎರಡು ವರ್ಷ ಜೀವಂತ ಇಟ್ಟಿತು. ಸಂಬಳವಿಲ್ಲದ, ಗಡುವಿಲ್ಲದ ಕೆಲಸಕ್ಕೆ ಜನ ದಿನವೂ ಮರಳಿ ಬರುವಂತೆ ಮಾಡಿದ್ದು ಆ ನಗೆಹನಿಗಳೇ. ಪ್ರಶ್ನೆಯ ಬೇರು ಹಿಡಿಯುವವರೆಗೆ ನೆರಳು ಕೊಟ್ಟದ್ದು ಗೆಳೆತನ.

ಮಾತು ಬರಹವಾದಾಗ ಇನ್ನೊಂದು ಲಾಭವೂ ಇದೆ, ಅದು ಉಳಿಯುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಆಗ ಪೋಲೆಂಡಿನಲ್ಲಿದ್ದ ಲ್ವೂವ್ ನಗರದ ಸ್ಕಾಟಿಷ್ ಕಾಫಿಮನೆಯಲ್ಲಿ ಸ್ಟೆಫಾನ್ ಬಾನಾಖ್, ಸ್ಟಾನಿಸ್ಲಾವ್ ಉಲಾಮ್, ಸ್ಟಾನಿಸ್ಲಾವ್ ಮಜುರ್ ಮೊದಲಾದ ಗಣಿತಜ್ಞರು ಅಮೃತಶಿಲೆಯ ಮೇಜಿನ ಮೇಲೇ ಲೆಕ್ಕ ಬರೆಯುತ್ತಿದ್ದರು. ಮೇಜು ಒರೆಸಿದರೆ ಲೆಕ್ಕವೂ ಹೋಯಿತು. ಬಾನಾಖ್ ಅವರ ಪತ್ನಿ ಒಂದು ದಪ್ಪ ನೋಟ್‌ಬುಕ್ ತಂದುಕೊಟ್ಟರು, 1935ರಿಂದ ಸಮಸ್ಯೆಗಳು ಅದರಲ್ಲಿ ದಾಖಲಾದವು. 1936ರ ನವೆಂಬರಿನಲ್ಲಿ ಮಜುರ್ ಬರೆದ 153ನೇ ಸಮಸ್ಯೆಗೆ ಇಟ್ಟ ಬಹುಮಾನ ಒಂದು ಜೀವಂತ ಹೆಬ್ಬಾತು. ಸ್ವೀಡನ್ನಿನ ಪರ್ ಎನ್‌ಫ್ಲೋ ಅದನ್ನು ಬಿಡಿಸಿದ್ದು 1972ರಲ್ಲಿ. ಮಜುರ್ ಮಾತು ಉಳಿಸಿಕೊಂಡು ಹೆಬ್ಬಾತನ್ನು ಕೊಟ್ಟರು.

ಆದರೆ ಹರಟೆಯನ್ನು ಹೊಗಳುತ್ತ ಹೋಗುವಾಗ ಒಂದು ಪ್ರಶ್ನೆ ಕೇಳಲೇಬೇಕು: ಆ ಮೇಜಿನ ಸುತ್ತ ಕೂರಲು ಯಾರಿಗೆ ಜಾಗವಿತ್ತು? ಲಂಡನ್ನಿನ ರಾಯಲ್ ಸೊಸೈಟಿ ಶುರುವಾದದ್ದು 1660ರಲ್ಲಿ. ಅದರ ಸದಸ್ಯತ್ವ ಮಹಿಳೆಯರಿಗೆ ಸಿಕ್ಕಿದ್ದು 1945ರಲ್ಲಿ, ಕ್ಯಾಥ್ಲೀನ್ ಲಾನ್ಸ್‌ಡೇಲ್ ಮತ್ತು ಮಾರ್ಜರಿ ಸ್ಟೀಫನ್‌ಸನ್ ಅವರಿಗೆ. ರೊಸಾಲಿಂಡ್ ಫ್ರಾಂಕ್ಲಿನ್ ಡಿಎನ್‌ಎ ಕುರಿತು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಒಂದು ಊಟದ ಕೋಣೆಗೆ ಗಂಡಸರಿಗಷ್ಟೇ ಪ್ರವೇಶವಿತ್ತು. ಪ್ರಯೋಗಶಾಲೆಯ ಬಾಗಿಲು ತೆರೆದಿದ್ದರೂ ಊಟದ ಕೋಣೆಯ ಬಾಗಿಲು ಮುಚ್ಚಿದ್ದರೆ, ಅರ್ಧ ವಿಜ್ಞಾನ ಕೈತಪ್ಪುತ್ತದೆ. ಹರಟೆ ಇಷ್ಟು ಮುಖ್ಯ ಎಂದು ಒಪ್ಪಿದ ಮೇಲೆ, ಅದರಿಂದ ಹೊರಗಿಡುವುದೂ ಅಷ್ಟೇ ದೊಡ್ಡ ಅನ್ಯಾಯ ಎಂದು ಒಪ್ಪಬೇಕಾಗುತ್ತದೆ. ಬರಹದಲ್ಲಿ, ಎಲ್ಲರೂ ಓದಬಹುದಾದ ಕಡೆ ನಡೆಯುವ ಹರಟೆಯನ್ನು ನಾನು ಮೆಚ್ಚುವುದು ಇದಕ್ಕಾಗಿಯೇ. ಅಲ್ಲಿಯೂ ಒಳಗಿನವರ ಸಂಕೇತಗಳು, ಹಳಬರ ಗತ್ತು ಇರುತ್ತವೆ. ಆದರೂ ಕದ ತಟ್ಟದೆ ಬಂದು, ತಿಂಗಳುಗಟ್ಟಲೆ ಮಾತಾಡದೆ ಓದಿಕೊಂಡು, ಧೈರ್ಯ ಬಂದಾಗ ಬಾಯಿ ತೆರೆಯಬಹುದು.

ದೂರದಿಂದ ಆಗುವ ನಷ್ಟವೂ ಸಣ್ಣದಲ್ಲ. ಎರಡು ಕೋಟಿ ಸಂಶೋಧನಾ ಪ್ರಬಂಧಗಳನ್ನೂ 40 ಲಕ್ಷ ಪೇಟೆಂಟುಗಳನ್ನೂ ಪರಿಶೀಲಿಸಿದ, 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಬೇರೆ ಬೇರೆ ಊರುಗಳಲ್ಲಿದ್ದುಕೊಂಡು ಕೆಲಸ ಮಾಡುವ ತಂಡಗಳಿಂದ ಕ್ಷೇತ್ರದ ದಿಕ್ಕು ಬದಲಿಸುವ ಕೆಲಸ ಬರುವ ಸಂಭವ ಒಂದೇ ಕಡೆ ಇರುವ ತಂಡಗಳಿಗಿಂತ ಕಡಿಮೆ. ದೂರದವರು ಸೇರಿ ತಾಂತ್ರಿಕ ಕೆಲಸ ಹಂಚಿಕೊಳ್ಳುತ್ತಾರೆ, ಹೊಸ ಯೋಚನೆ ಕಟ್ಟುವುದು ಕಡಿಮೆಯಾಗುತ್ತದೆ. ಕಾರ್ಯಸೂಚಿ ಇಟ್ಟುಕೊಂಡ ಸಭೆ ಮುಗಿದ ಕೂಡಲೇ ಪರದೆ ಆರಿಹೋಗುತ್ತದೆ. ಕೋಣೆಯಿಂದ ಹೊರಗೆ ನಡೆಯುತ್ತ ಆಡುವ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ದೂರದ ಬಳಗಗಳು ಹರಟೆಯ ಮೂಲೆಯನ್ನು ಬೇಕೆಂದೇ ಕಟ್ಟಿಕೊಳ್ಳಬೇಕಾಗುತ್ತದೆ. ಎಲ್ಲಿ ಕಟ್ಟಬೇಕೆಂಬುದೂ ಮುಖ್ಯ. ಚರ್ಚೆಯ ನಡುವೆಯೇ ಹರಟೆ ನುಗ್ಗಿದರೆ ಪ್ರಶ್ನೆ ಕೇಳಿದವರ ಕೈಗೆ ಉತ್ತರ ಸಿಗುವುದಿಲ್ಲ. ತೀರಾ ದೂರ ತಳ್ಳಿದರೆ ಅತ್ತ ಯಾರೂ ಹೋಗುವುದಿಲ್ಲ.

ಇನ್ನೊಂದು ಅಪಾಯದ ಬಗ್ಗೆ ಎಚ್ಚರ ಬೇಕು. ಹರಟೆಯಲ್ಲಿ ಬೆಳೆದ ವಿಶ್ವಾಸ, ಇರಬೇಕಾದ ಗಡಿ ದಾಟಿ ಹರಿಯುತ್ತದೆ. ಲೈನಸ್ ಪೌಲಿಂಗ್ ರಸಾಯನಶಾಸ್ತ್ರದಲ್ಲಿ 1954ರ ನೊಬೆಲ್ ಪಡೆದವರು. 1970ರಿಂದಾಚೆಗೆ ಅವರು ವಿಟಮಿನ್ ಸಿ ಹೆಚ್ಚು ತೆಗೆದುಕೊಂಡರೆ ನೆಗಡಿ ತಡೆಯಬಹುದು ಎಂದಾಗ ಅಸಂಖ್ಯ ಜನ ನಂಬಿದರು. ಸಾಮಾನ್ಯ ಜನರಲ್ಲಿ ಅದು ನೆಗಡಿ ಬರುವುದನ್ನು ತಡೆಯುವುದಿಲ್ಲ, ಅವಧಿಯನ್ನು ತುಸು ತಗ್ಗಿಸಬಹುದು ಎಂಬುದು ಮುಂದಿನ ಪರೀಕ್ಷೆಗಳಲ್ಲಿ ತಿಳಿಯಿತು. ಭೌತಶಾಸ್ತ್ರದ ಪ್ರಶ್ನೆಗೆ ಸದಾ ಸರಿಯಾಗಿ ಉತ್ತರಿಸುವ ಆತ್ಮೀಯರು ಹರಟೆಯ ನಡುವೆ ಔಷಧದ ಬಗ್ಗೆ ಅಭಿಪ್ರಾಯ ಹೇಳಿದಾಗಲೂ ಇದೇ ಆಗುತ್ತದೆ. 'ಇದು ನನ್ನ ಕ್ಷೇತ್ರವಲ್ಲ' ಎಂದು ಮೊದಲೇ ಹೇಳುವ ರೂಢಿ ಇರುವ ಬಳಗ ನಿಜಕ್ಕೂ ಪುಣ್ಯವಂತ ಬಳಗ.

ಹಾಗೇ ಧ್ವನಿಯ ಸಮಸ್ಯೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮೊದಲಾದವರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಮೇಲಿನಲ್ಲಿ ವ್ಯಂಗ್ಯದ ಮಾತನ್ನೂ ಗಂಭೀರ ಮಾತನ್ನೂ ಬರೆದವರು ಓದುವವರಿಗೆ ಸುಮಾರು 78% ಸಲ ಸರಿಯಾಗಿ ತಿಳಿಯುತ್ತದೆಂದು ನಂಬಿದ್ದರು. ತಿಳಿದದ್ದು 56% ಸಲ, ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪವೇ ಮೇಲು. ಬರೆಯುವಾಗ ನಮ್ಮ ಧ್ವನಿ ನಮ್ಮ ಕಿವಿಯಲ್ಲಿ ಕೇಳುತ್ತಿರುತ್ತದೆ, ಓದುವವರಿಗೆ ಬರೀ ಅಕ್ಷರ ಸಿಗುತ್ತದೆ. ಲಿಫ್ಟಿನ ಪಾದರಸದ ಪ್ರಕಟಣೆ ಎಡವಿದ್ದೂ ಇಲ್ಲೇ, ಫಾಲ್ಮನ್ ಮೂರು ಚಿಹ್ನೆಗಳಿಂದ ತೇಪೆ ಹಾಕಿದ್ದೂ ಇಲ್ಲೇ.

ಆ ಸಾಲನ್ನು ಆಗ ಯಾರೂ ಜೋಪಾನವಾಗಿ ಎತ್ತಿಡಲಿಲ್ಲ. ಇಪ್ಪತ್ತು ವರ್ಷದ ನಂತರ, 2002ರಲ್ಲಿ, ಹಳೆಯ ಬ್ಯಾಕಪ್ ಟೇಪುಗಳನ್ನು ಹುಡುಕಿ, ಅವನ್ನು ಓದಬಲ್ಲ ಯಂತ್ರ ಹೊಂದಿಸಿ, ಕೆಲವರು ಅದನ್ನು ಹೊರತೆಗೆದರು. ಸುತ್ತಲಿನ ಹರಟೆಯೂ ಜೊತೆಗೇ ಬಂತು: ಪಾರಿವಾಳ, ಬಲೂನು, ಬತ್ತಿ, ಹನಿ.

ಒಗಟಿಗೆ ಉತ್ತರವೂ ಇದೆ. ಹಗ್ಗ ತುಂಡಾದ ಲಿಫ್ಟಿನೊಳಗೆ ತೂಕವೆಂಬುದು ಇಲ್ಲ. ಬಿಸಿಗಾಳಿ ಹಗುರವೆಂದು ಮೇಲೇರುವುದು ನಿಲ್ಲುತ್ತದೆ, ಜ್ವಾಲೆಯನ್ನು ಉದ್ದಕ್ಕೆ ಎಳೆಯುತ್ತಿದ್ದ ಗಾಳಿಯೇ ಇರುವುದಿಲ್ಲ. ಆಮ್ಲಜನಕ ನಿಧಾನವಾಗಿ ಹರಡಿಕೊಂಡೇ ಬತ್ತಿಯನ್ನು ಮುಟ್ಟಬೇಕು. 1992ರಲ್ಲಿ ಬಾಹ್ಯಾಕಾಶ ನೌಕೆಯಲ್ಲೂ 1996ರಲ್ಲಿ ಮಿರ್ ನಿಲ್ದಾಣದಲ್ಲೂ ಮೇಣದಬತ್ತಿ ಹಚ್ಚಿ ನೋಡಿದಾಗ ಜ್ವಾಲೆ ಮಂಕಾಗಿ, ನೀಲಿಯಾಗಿ, ಗುಮ್ಮಟದಂತೆ ದುಂಡಗಾಯಿತು. ಪಾದರಸದ ಹನಿಯನ್ನು ನೆಲಕ್ಕೆ ಒತ್ತಿ ಚಪ್ಪಟೆ ಮಾಡಿದ್ದ ಭಾರ ಹೋದ ಕೂಡಲೇ ಅದರ ಮೇಲ್ಮೈ ಸೆಳೆತ ಅದನ್ನು ಗುಂಡಗೆ ಮಾಡಲು ಜಗ್ಗುತ್ತದೆ. ಆ ಜಗ್ಗಾಟದಲ್ಲಿ ಹನಿ ನೆಲ ಬಿಟ್ಟು ಮೇಲೆದ್ದು, ನಡುಗುತ್ತ, ನೀಲಿ ಬೆಳಕಿನಲ್ಲಿ ತೇಲುತ್ತದೆ.